ಪೆಡಲ್ ಥ್ರೆಡ್ ಹೋದ ಕ್ರ್ಯಾಂಕ್: ಟ್ಯಾಪ್ ಹೊಡೆಸೋದಾ, ಬುಶ್ ಹಾಕಿಸೋದಾ, ಹೊಸದು ತರೋದಾ?

ಕ್ರ್ಯಾಂಕ್ ಅಂದರೆ ಪೆಡಲ್ ಹೊತ್ತಿರುವ ತೋಳು. ಅದರಲ್ಲಿ ಪೆಡಲ್ ಕೂರುವ ತೂತಿನ ಥ್ರೆಡ್ ಕಿತ್ತುಹೋದ ಸೈಕಲ್ ಹಿಡಿದು ಕಲಬುರಗಿ ಪೇಟೆಯಲ್ಲಿ ನಾಲ್ಕು ಕಡೆ ಕೇಳಿ ನೋಡಿ, ನಾಲ್ಕು ಉತ್ತರ ಸಿಗುತ್ತವೆ. ಪಂಕ್ಚರ್ ಅಂಗಡಿಯವರು "ವೆಲ್ಡಿಂಗ್ ಹೊಡಸ್ರೀ, ಮತ್ತ ಬಿಚ್ಚೂ ಮಾತೇ ಇಲ್ಲ" ಅನ್ನುತ್ತಾರೆ. ಬಿಡಿಭಾಗದ ಅಂಗಡಿಯವರು ಹೊಸ ಕ್ರ್ಯಾಂಕ್ ತೆಗೆದು ಮುಂದಿಡುತ್ತಾರೆ. ಲೇಥ್‌ನವರು ಬುಶ್ ಹಾಕೋಣ, ಅಂದರೆ ತೂತು ಹಿಗ್ಗಿಸಿ ಒಳಗೂ ಹೊರಗೂ ಥ್ರೆಡ್ ಇರುವ ಉಕ್ಕಿನ ಕೊಳವೆ ತುಂಡು ಕೂರಿಸೋಣ ಅನ್ನುತ್ತಾರೆ. ವಿಡಿಯೊ ನೋಡಿದ ಗೆಳೆಯ ಹೆಲಿಕಾಯಿಲ್ (ಥ್ರೆಡ್ ಆಗಿ ಕೂರುವ ತಂತಿ ಸುರುಳಿ) ಕಿಟ್ ತರಿಸು ಅನ್ನುತ್ತಾನೆ. ನಾಲ್ವರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರ ಕಣ್ಣ ಮುಂದೆ ಒಂದೊಂದು ಬಗೆಯ ಸೈಕಲ್ ಇದೆ, ಅಷ್ಟೇ. ನಿಮ್ಮದು ಯಾವ ಬಗೆ ಅಂತ ಗೊತ್ತಾದರೆ ಅರ್ಧ ತೀರ್ಮಾನ ಆದ ಹಾಗೆ.

ನನ್ನ ಒಲವು ಮೊದಲೇ ಹೇಳಿಬಿಡುತ್ತೇನೆ. ಕಬ್ಬಿಣದ ಕ್ರ್ಯಾಂಕ್ ಆದರೆ ರಿಪೇರಿಗೆ ತಲೆ ಕೆಡಿಸಿಕೊಳ್ಳಬೇಡಿ, ಬದಲಿಸಿ. ಅಲ್ಯೂಮಿನಿಯಂನ ಎಡ ಕ್ರ್ಯಾಂಕ್ ಆದರೆ ಮೊದಲು ಬದಲಿ ಸಿಗುತ್ತಾ ಹುಡುಕಿ. ಅಲ್ಯೂಮಿನಿಯಂನ ಬಲ ಕ್ರ್ಯಾಂಕ್ ಆದರೆ ಬುಶ್ ಹಾಕಿಸಿ. ಅಲ್ಯೂಮಿನಿಯಂಗೆ ವೆಲ್ಡಿಂಗ್ ಮಾತ್ರ ಬೇಡವೇ ಬೇಡ. ಆದರೆ ಇದು ಎಲ್ಲರಿಗೂ ಒಪ್ಪುವ ಲೆಕ್ಕವಲ್ಲ. ಹಾಲಿನ ಕ್ಯಾನ್ ಹೊರುವವರ ಅಗತ್ಯ ಬೇರೆ, ಭಾನುವಾರ ಬೆಳಿಗ್ಗೆ ಬೀದರ್ ಕೋಟೆ ಸುತ್ತುವವರ ಅಗತ್ಯ ಬೇರೆ.

ಅಂಗಡಿಗೆ ಹೋಗುವ ಮೊದಲು ಇಷ್ಟು ನೋಡಿಕೊಳ್ಳಿ

ಮೊದಲು ಲೋಹ. ಒಂದು ಅಯಸ್ಕಾಂತ ತಗೊಂಡು ಕ್ರ್ಯಾಂಕ್ ತೋಳಿಗೆ ಹಚ್ಚಿ. ಹಿಡಿದುಕೊಂಡರೆ ಕಬ್ಬಿಣ, ಜಾರಿದರೆ ಅಲ್ಯೂಮಿನಿಯಂ. ಹಲ್ಲಿನ ಚಕ್ರಕ್ಕೆ ಹಚ್ಚಬೇಡಿ. ತೋಳು ಅಲ್ಯೂಮಿನಿಯಂ ಇದ್ದರೂ ಚೈನ್ ವ್ಹೀಲ್ ಕಬ್ಬಿಣದ್ದು ಇರುತ್ತದೆ, ಮೋಸ ಹೋಗ್ತೀರಿ. ಹಳೆಯ ಕರಿ ಸೈಕಲ್‌ಗಳು, ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಕೊಟ್ಟ ಸೈಕಲ್‌ಗಳು, ಕಿರಾಣಿ ಅಂಗಡಿಯ ಡೆಲಿವರಿ ಸೈಕಲ್‌ಗಳು ಬಹುತೇಕ ಕಬ್ಬಿಣದ ಕಾಟರ್ ಪಿನ್ (ತೋಳನ್ನು ನಡುವಿನ ಅಚ್ಚಿಗೆ ಬಿಗಿಯುವ ಅಡ್ಡ ಪಿನ್) ಕ್ರ್ಯಾಂಕ್‌ನವು. ಗೇರ್ ಸೈಕಲ್‌ಗಳಲ್ಲಿ ಹೆಚ್ಚಾಗಿ ಅಲ್ಯೂಮಿನಿಯಂ, ಕಡಿಮೆ ಬೆಲೆಯವುಗಳಲ್ಲಿ ಅಲ್ಲೂ ಕಬ್ಬಿಣವೇ.

ಎರಡನೆಯದು ಎಡವಾ ಬಲವಾ ಅನ್ನೋದು. ಇದು ಬರೀ ದಿಕ್ಕಿನ ಮಾತಲ್ಲ, ದುಡ್ಡಿನ ಮಾತು. ಎಡ ಕ್ರ್ಯಾಂಕ್ ಒಂಟಿ ತುಂಡು, ಅದೊಂದನ್ನೇ ತರಬಹುದು. ಬಲ ಕ್ರ್ಯಾಂಕ್ ಚೈನ್ ವ್ಹೀಲ್ ಜೊತೆ ಬರುತ್ತದೆ. ಹಾಗಾಗಿ ಅದೇ ತೊಂದರೆಗೆ ಬಲಗಡೆ ಖರ್ಚು ಜಾಸ್ತಿ. ಒಂದು ಸಮಾಧಾನ ಇದೆ. ಎಡಗಡೆ ಪೆಡಲ್ ಥ್ರೆಡ್ ಉಲ್ಟಾ ಇರುತ್ತದೆ, ಗೊತ್ತಿಲ್ಲದವರು ಬಲಕ್ಕೆ ತಿರುಗಿಸಿ ತುರುಕೋದು ಅಲ್ಲೇ. ಹಾಗಾಗಿ ಹಾಳಾಗೋದೂ ಎಡದ್ದೇ ಹೆಚ್ಚು.

ಮೂರನೆಯದು ಎಷ್ಟು ಉಳಿದಿದೆ ಅನ್ನೋದು. ಕ್ರ್ಯಾಂಕ್‌ನ ಪೆಡಲ್ ಕಡೆಯ ತುದಿ ಸುಮಾರು 12 ಮಿಲಿಮೀಟರ್ ದಪ್ಪ. ಇಂಚಿಗೆ 20 ಥ್ರೆಡ್ ಅಂದರೆ ಒಂದೊಂದು ಸುತ್ತು 1.27 ಮಿ.ಮೀ. ಅಂದರೆ ಇಡೀ ಪೆಡಲ್ ನಿಂತಿರೋದು ಒಂಬತ್ತು ಸುತ್ತಿನ ಮೇಲೆ. ಹಳೆಯ ಬಟ್ಟೆಯಿಂದ ತೂತು ಒರೆಸಿ, ಟಾರ್ಚ್ ಹಾಕಿ ನೋಡಿ. ಹೊರಗಿನ ಎರಡು ಮೂರು ಸುತ್ತು ಮಾತ್ರ ಮೂತಿ ತಿರುಗಿಸಿಕೊಂಡಿದ್ದರೆ ಭಯ ಇಲ್ಲ. ಪೆಡಲ್ ಅಚ್ಚಿನ ಮೇಲೆ ಅಲ್ಯೂಮಿನಿಯಂ ಸ್ಪ್ರಿಂಗ್ ಹಾಗೆ ಸುತ್ತಿಕೊಂಡು ಹೊರಬಂದಿದ್ದರೆ ಥ್ರೆಡ್ ಮುಗಿದಿದೆ ಅಂತಲೇ ಲೆಕ್ಕ. ತೂತು ಮೊಟ್ಟೆಯಾಕಾರ ಆಗಿದ್ದರೆ, ಸಡಿಲ ಪೆಡಲ್ ಇಟ್ಟುಕೊಂಡೇ ತುಂಬಾ ದಿನ ತುಳಿದಿದ್ದೀರಿ ಅಂತ ಅರ್ಥ. ತೂತಿನಿಂದ ತೋಳಿನ ಕಡೆಗೆ ಕೂದಲೆಳೆಯಷ್ಟು ಬಿರುಕು ಕಂಡರೂ ಸರಿ, ಮುಂದಿನ ಮಾತೇ ಬೇಡ. ಆ ಕ್ರ್ಯಾಂಕ್ ಗುಜರಿಗೆ.

ಆಮೇಲೆ ಬಳಕೆ. ನಿಂತು ತುಳಿಯುತ್ತೀರಾ, ಹಿಂದೆ ಭಾರ ಇರುತ್ತಾ, ಊರಾಚೆ ಹತ್ತಾರು ಕಿಲೋಮೀಟರ್ ಹೋಗುತ್ತೀರಾ? ಮೇಲ್ಸೇತುವೆ ಏರುವಾಗ ಪೂರ್ತಿ ಮೈಭಾರ ಒಂದೇ ಪೆಡಲ್ ಮೇಲೆ ಬಿದ್ದಿರುತ್ತದೆ. ಆಗ ಅದು ಕಳಚಿದರೆ ಹಿಂದಿನಿಂದ ಬರುವ ಲಾರಿಗೆ ನಮ್ಮ ರಿಪೇರಿ ಉಳಿತಾಯದ ಕಥೆ ಗೊತ್ತಿರಲ್ಲ.

ಕೊನೆಗೆ ಬಜೆಟ್. ನಾನು ಹಿಡಿಯುವ ಗೆರೆ ಹೀಗಿದೆ: ರಿಪೇರಿ ಖರ್ಚು ಹೊಸ ಕ್ರ್ಯಾಂಕ್ ಬೆಲೆಯ ಅರ್ಧ ದಾಟಿದರೆ ರಿಪೇರಿ ಬೇಡ. ಓಡಾಟ, ಕಾಯುವುದು, ಒಂದು ದಿನದ ಕೂಲಿ ಬಿಡೋದು, ಅದೂ ಆ ಖರ್ಚಿನಲ್ಲೇ ಸೇರಬೇಕು. ಚಿತ್ತಾಪುರದಿಂದಲೋ ಸುರಪುರದಿಂದಲೋ ಎರಡು ಸಲ ಬಸ್ ಹಿಡಿದು ಬಂದು ಉಳಿಸುವ ಐವತ್ತು ರೂಪಾಯಿ ಉಳಿತಾಯ ಅಲ್ಲ.

ಹಾರ್ಡ್‌ವೇರ್ ಅಂಗಡಿಯ ಟ್ಯಾಪ್ ಯಾಕೆ ಕೂರಲ್ಲ

ದೊಡ್ಡವರ ಸೈಕಲ್‌ಗಳ ಪೆಡಲ್ ಅಳತೆ 9/16 ಇಂಚು, ಇಂಚಿಗೆ 20 ಥ್ರೆಡ್. ಅಚ್ಚು ಅಳೆದರೆ 14.3 ಮಿ.ಮೀ. ಹತ್ತಿರ ಬರುತ್ತದೆ. ಎರಡೂ ತೋಳು ಒಂದೇ ಬಗ್ಗಿದ ಸರಳಿನಿಂದ ಮಾಡಿದ ಮಕ್ಕಳ ಸೈಕಲ್‌ಗಳಲ್ಲಿ 1/2 ಇಂಚು, ಅಂದರೆ 12.7 ಮಿ.ಮೀ. ಇರುತ್ತದೆ. ಪೆಡಲ್ ತರುವಾಗ ಇದನ್ನು ಅಳೆದುಕೊಂಡೇ ಹೋಗಿ.

ಈಗ ತೊಂದರೆ ಏನಪ್ಪಾ ಅಂದರೆ, ಈ 9/16ಕ್ಕೆ 20 ಥ್ರೆಡ್ ಅನ್ನೋದು ಸೈಕಲ್‌ನವರದೇ ಲೆಕ್ಕ. ಟ್ಯಾಪ್ ಅಂದರೆ ತೂತಿನೊಳಗೆ ಥ್ರೆಡ್ ಕೊರೆಯುವ ಸಾಧನ. ಹಾರ್ಡ್‌ವೇರ್ ಅಂಗಡಿಯಲ್ಲಿ "9/16 ಟ್ಯಾಪ್ ಕೊಡ್ರೀ" ಅಂದರೆ ಅವರು ಕೊಡುವ ವಿಟ್‌ವರ್ತ್ ಟ್ಯಾಪ್‌ಗೆ ಇಂಚಿಗೆ 12 ಥ್ರೆಡ್. ಬಿಎಸ್ಎಫ್ ಆದರೆ 16. ಯುಎನ್ಎಫ್ ಆದರೆ 18. ಈ ಮೂರೂ ಇಂಚಿನ ಬೋಲ್ಟ್‌ಗಳ ಬೇರೆ ಬೇರೆ ಥ್ರೆಡ್ ಲೆಕ್ಕ, ಯಾವುದೂ ಕೂರಲ್ಲ. ಕೆಲವರು ಹತ್ತಿರ ಇದೆಯಲ್ಲ ಅಂತ ಎಂ14 (14 ಮಿ.ಮೀ. ಅಳತೆಯ) ಟ್ಯಾಪ್ ತಿರುಗಿಸುತ್ತಾರೆ. ಅದರ ಸುತ್ತು 1.5 ಅಥವಾ 2 ಮಿ.ಮೀ. ಇರುತ್ತದೆ. ಮೊದಲ ಎರಡು ಸುತ್ತು ಚೆನ್ನಾಗೇ ಹೋದ ಹಾಗೆ ಅನಿಸುತ್ತದೆ, ಆಮೇಲೆ ಉಳಿದಿದ್ದ ಒಳ್ಳೆಯ ಥ್ರೆಡ್ಡನ್ನೂ ಅಡ್ಡಡ್ಡ ಕತ್ತರಿಸಿಬಿಡುತ್ತದೆ. ಅದರ ಮೇಲೆ ಎಡಗಡೆಗೆ ಉಲ್ಟಾ ಥ್ರೆಡ್ ಟ್ಯಾಪ್ ಬೇಕು, ಅದು ಇನ್ನೂ ಅಪರೂಪ.

ಹಾಗಾಗಿ ಯಾರ ಕೈಗೆ ಸೈಕಲ್ ಕೊಟ್ಟರೂ ಮೊದಲ ಪ್ರಶ್ನೆ ಇದೇ ಇರಲಿ: "ಉಸ್ತಾದ್, ಸೈಕಲ್ ಪೆಡಲ್‌ದು ಉಲ್ಟಾ ಚೂಡಿ ಟ್ಯಾಪ್ ಅದೇನ್ರೀ ನಿಮ್ಮ ಹತ್ರ?" ಚೂಡಿ ಅಂದರೆ ಥ್ರೆಡ್. ಉತ್ತರ "ನೋಡೋಣ ಬಿಡ್ರೀ" ಅಂತ ಬಂದರೆ ಸೈಕಲ್ ವಾಪಸ್ ತಗೊಂಡು ಬನ್ನಿ.

ಉಳಿದ ಥ್ರೆಡ್ಡನ್ನೇ ಸರಿಮಾಡೋದು

ಹಾಳಾಗಿರೋದು ಹೊರಗಿನ ಕೆಲವು ಸುತ್ತು ಮಾತ್ರ ಆದರೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಪೆಡಲ್ ಓರೆಯಾಗಿ ಹೊಕ್ಕಾಗ ಮೊದಲು ಹಾಳಾಗೋದು ಹೊರಮೈ. ಒಳಮೈ, ಅಂದರೆ ಚೌಕಟ್ಟಿನ ಕಡೆಯ ಥ್ರೆಡ್, ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಹಾಗಾಗಿ ಟ್ಯಾಪ್ ಅನ್ನು ಒಳಗಿನ ಕಡೆಯಿಂದ ಬಿಡಬೇಕು. ಒಳ್ಳೆಯ ಥ್ರೆಡ್ ಅದಕ್ಕೆ ದಾರಿ ತೋರಿಸುತ್ತದೆ, ಹೊರಗೆ ಬರುವಾಗ ಕೆಟ್ಟದ್ದನ್ನು ಸರಿಮಾಡಿಕೊಂಡು ಬರುತ್ತದೆ. ಯಾವ ಕಡೆಯಿಂದ ಬಿಟ್ಟರೂ ತಿರುಗಿಸುವ ದಿಕ್ಕು ಬದಲಾಗಲ್ಲ. ಎಡ ಕ್ರ್ಯಾಂಕ್‌ಗೆ ಒಳಗಿನಿಂದ ನೋಡಿದರೂ ಎಡಕ್ಕೇ ತಿರುಗಿಸಬೇಕು.

ಟ್ಯಾಪ್ ಇಲ್ಲವಾ? ಹಳೆಯ ಕೆಟ್ಟ ಪೆಡಲ್ ಒಂದರ ಅಚ್ಚು ಸಾಕು. ಎಡಕ್ಕೆ ಎಡದ ಪೆಡಲ್‌ದೇ ಬೇಕು. ಥ್ರೆಡ್ ಇರುವ ಭಾಗದಲ್ಲಿ ಉದ್ದಕ್ಕೆ ಎರಡು ಮೂರು ಸಣ್ಣ ಕಾಲುವೆ ಕೊರೆಸಿ. ಅಚ್ಚು ಗಟ್ಟಿ ಇದ್ದರೆ ಗರಗಸ ಹಿಡಿಯಲ್ಲ, ತೆಳು ಡಿಸ್ಕ್ ಹಾಕಿದ ಗ್ರೈಂಡರ್ ಬೇಕಾಗುತ್ತದೆ. ಅಂಚಿನ ಚೂರುಗಳನ್ನು ಸಣ್ಣ ಅರದಿಂದ ಉಜ್ಜಿಬಿಟ್ಟರೆ ಅದೇ ಒಂದು ಟ್ಯಾಪ್. ಕಬ್ಬಿಣ ಕೊರೆಯಲ್ಲ, ಆದರೆ ಅಲ್ಯೂಮಿನಿಯಂ ಥ್ರೆಡ್ ಸರಿಪಡಿಸೋಕೆ ಸಾಕು. ಎಣ್ಣೆ ಬಿಟ್ಟು, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಬಲವಂತ ಮಾಡೋ ಹಾಗಾದರೆ ನಿಲ್ಲಿಸಿ, ದಾರಿ ತಪ್ಪಿದೆ ಅಂತ ಅರ್ಥ.

ಒಂಬತ್ತರಲ್ಲಿ ಆರು ಸುತ್ತಾದರೂ ಗಟ್ಟಿ ಇದ್ದರೆ ನಾನು ಇದನ್ನೇ ಮಾಡಿ ತುಳಿಯುತ್ತೇನೆ. ನಾಲ್ಕಕ್ಕೆ ಇಳಿದಿದ್ದರೆ ಶಾಲೆಗೆ ಹೋಗುವ ಮಗುವಿಗೂ ಕೊಡಲ್ಲ. ಐದು ಇದ್ದವರು ತಮ್ಮ ತೂಕ ನೋಡಿಕೊಂಡು ತೀರ್ಮಾನ ಮಾಡಲಿ.

ಕಬ್ಬಿಣದ ಕ್ರ್ಯಾಂಕ್: ಬದಲಿಸೋದೇ ಅಗ್ಗ

ಕಬ್ಬಿಣದ ಕ್ರ್ಯಾಂಕ್‌ನಲ್ಲಿ ಥ್ರೆಡ್ ಪೂರ್ತಿ ಹೋಗೋದು ಕಡಿಮೆ. ಎಷ್ಟೋ ಸಲ ಹಾಳಾಗಿರೋದು ಪೆಡಲ್‌ನ ಅಚ್ಚೇ. ಅದಕ್ಕೆ ಮೊದಲು ಬೇರೊಂದು ಒಳ್ಳೆಯ ಪೆಡಲ್ ಕೈಯಿಂದಲೇ ತಿರುಗಿಸಿ ನೋಡಿ. ಕೂತರೆ ಕೆಲಸ ಮುಗಿಯಿತು.

ಕೂರದಿದ್ದರೆ ಹೊಸ ಎಡ ಕ್ರ್ಯಾಂಕ್ ತನ್ನಿ. ಕಾಟರ್ ಪಿನ್ ಬಗೆಯ ಕ್ರ್ಯಾಂಕ್ ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸಾಮಾನ್ಯ ಸೈಕಲ್ ಅಂಗಡಿಯಲ್ಲೇ ಸಿಗುವ ಮಾಲು. ಬೆಲೆಯೂ ಲೇಥ್‌ನವರ ಕೂಲಿಗಿಂತ ಹೆಚ್ಚಿರಲ್ಲ. ಜೊತೆಗೆ ಹೊಸ ಕಾಟರ್ ಪಿನ್ ತಗೊಳ್ಳಿ. ಹಳೆಯ ಪಿನ್ ಹೊಡೆದು ತೆಗೆಯುವಾಗ ಅದರ ಥ್ರೆಡ್ ಮಡಚಿರುತ್ತದೆ, ಉಳಿಸೋಕೆ ಹೋಗಬೇಡಿ. ಪಿನ್‌ನ ಚಪ್ಪಟೆ ಮೈ ಅಚ್ಚಿನ ಮೇಲೆ ಪೂರ್ತಿ ಕೂರುವ ಹಾಗೆ ಅರ ಹಾಕಿ ಹೊಂದಿಸಬೇಕು. ಪಿನ್ ಉಲ್ಟಾ ಹಾಕಿದರೆ ಎರಡು ಕ್ರ್ಯಾಂಕ್ ಒಂದೇ ಗೆರೆಯಲ್ಲಿ ನಿಲ್ಲಲ್ಲ, ತುಳಿಯುವಾಗ ಕುಂಟಿದ ಹಾಗೆ ಆಗುತ್ತದೆ. ಪಿನ್ ಹೊಡೆಯುವಾಗ ಕ್ರ್ಯಾಂಕ್ ಕೆಳಗೆ ಗಟ್ಟಿ ಆಸರೆ ಕೊಡಲು ಹೇಳಿ. ಇಲ್ಲದಿದ್ದರೆ ಸುತ್ತಿಗೆಯ ಏಟೆಲ್ಲ ಬೇರಿಂಗ್ ಗುಂಡುಗಳಿಗೆ ಬೀಳುತ್ತದೆ.

ಬಲಗಡೆ ಹೋಗಿದ್ದರೆ ಚೈನ್ ವ್ಹೀಲ್ ಸಮೇತ ತರಬೇಕು. ಆಗಲೂ ನನ್ನ ಮತ ಬದಲಿಸೋದಕ್ಕೇ. ಹಳೆಯ ಚೈನ್ ವ್ಹೀಲ್ ಹಲ್ಲು ಸವೆದು ಚೂಪಾಗಿದ್ದರೆ ಹೇಗೂ ಬದಲಿಸಬೇಕಾಗಿತ್ತು.

ಇನ್ನು ಪೆಡಲ್ ಅಚ್ಚನ್ನೇ ಕ್ರ್ಯಾಂಕ್‌ಗೆ ವೆಲ್ಡ್ ಮಾಡಿಸೋದು. ಹಳ್ಳಿ ಕಡೆ ಇದು ತುಂಬಾ ನಡೆಯುತ್ತದೆ. ಕಬ್ಬಿಣಕ್ಕೆ ಕಬ್ಬಿಣ ಹಿಡಿಯೋದು ನಿಜ, ಗಟ್ಟಿಯಾಗೂ ನಿಲ್ಲುತ್ತದೆ. ಆದರೆ ವೆಲ್ಡಿಂಗ್ ಕಾವಿಗೆ ಪೆಡಲ್ ಒಳಗಿನ ಗ್ರೀಸ್ ಸುಟ್ಟುಹೋಗುತ್ತದೆ. ನಮ್ಮ ಎರಿ ಮಣ್ಣಿನ ಧೂಳಿನಲ್ಲಿ ಗ್ರೀಸ್ ಇಲ್ಲದ ಪೆಡಲ್ ಎಷ್ಟು ದಿನ ಬಾಳುತ್ತದೆ? ಅದು ಕಿರ್ ಅಂತ ಶುರುಮಾಡಿದ ದಿನ ಪೆಡಲ್ ಜೊತೆ ಕ್ರ್ಯಾಂಕೂ ಬದಲಿಸಬೇಕು. ಈ ವಾರ ಕೈಯಲ್ಲಿ ದುಡ್ಡಿಲ್ಲ, ನಾಳೆ ಬೆಳಿಗ್ಗೆ ಪೇಪರ್ ಹಾಕಲೇಬೇಕು ಅನ್ನುವವರಿಗೆ ಅದು ಸರಿ. ಉಳಿದವರಿಗೆ ಬೇಡ. ತೂತನ್ನು ಗ್ಯಾಸ್ ವೆಲ್ಡಿಂಗ್‌ನಿಂದ ತುಂಬಿಸಿ ಮತ್ತೆ ಥ್ರೆಡ್ ಹಾಕಿಸೋದೂ ಆಗುವ ಕೆಲಸವೇ, ಆದರೆ ಅದಕ್ಕೆ ತಗಲುವ ಕೂಲಿಯಲ್ಲಿ ಹೊಸ ಕ್ರ್ಯಾಂಕ್ ಬಂದಿರುತ್ತದೆ.

ಅಲ್ಯೂಮಿನಿಯಂ: ಇಲ್ಲಿದೆ ನಿಜವಾದ ಗೊಂದಲ

ವೆಲ್ಡಿಂಗ್ ಮಾತು ಮೊದಲು ಮುಗಿಸೋಣ. ಆರ್ಗಾನ್ ವೆಲ್ಡಿಂಗ್ ಗೊತ್ತಿರುವವರು "ತುಂಬಿಸಿ ಕೊಡ್ತೀವಿ, ಗೊತ್ತೇ ಆಗಂಗಿಲ್ಲ" ಅನ್ನುತ್ತಾರೆ. ನೋಡೋಕೆ ಗೊತ್ತಾಗಲ್ಲ, ನಿಜ. ಅಲ್ಯೂಮಿನಿಯಂ ಕರಗೋದು 660 ಡಿಗ್ರಿ ಸೆಲ್ಸಿಯಸ್‌ಗೆ. ಕ್ರ್ಯಾಂಕ್‌ಗೆ ಬಳಸುವ ಮಿಶ್ರಲೋಹಕ್ಕೆ ಕಾರ್ಖಾನೆಯಲ್ಲಿ ಕೊನೆಯ ಹದ ಕೊಡೋದು 200 ಡಿಗ್ರಿಗಿಂತ ಕಡಿಮೆ ಕಾವಿನಲ್ಲಿ, ಗಂಟೆಗಟ್ಟಲೆ ಇಟ್ಟು. ವೆಲ್ಡಿಂಗ್ ಬೆಂಕಿ ತಾಗಿದ ಕೂಡಲೇ ತೂತಿನ ಸುತ್ತ ಆ ಹದ ಹೋಗುತ್ತದೆ, ಲೋಹ ಮೆತ್ತಗಾಗುತ್ತದೆ. ಕ್ರ್ಯಾಂಕ್ ಮೇಲೆ ಬೀಳೋದು ಒಂದು ಸಲದ ಭಾರ ಅಲ್ಲ, ಪ್ರತಿ ತುಳಿತಕ್ಕೂ ಬಾಗುತ್ತದೆ. ಮುರಿದರೆ ಮುನ್ಸೂಚನೆ ಇಲ್ಲದೆ ಮುರಿಯುತ್ತದೆ. ಎಂ-ಸೀಲ್ ತುಂಬೋದು, ಟೆಫ್ಲಾನ್ ಟೇಪ್ ಸುತ್ತೋದು, ತಗಡಿನ ಚೂರು ಸಿಕ್ಕಿಸೋದು, ಇವೆಲ್ಲ ಸೈಕಲ್ ತಳ್ಳಿಕೊಂಡು ಮನೆ ಸೇರುವ ತನಕ ಮಾತ್ರ.

ಉಳಿದ ದಾರಿ ಮೂರು: ತೋಳು ಬದಲಿಸೋದು, ಹೆಲಿಕಾಯಿಲ್, ಬುಶ್.

ಎಡ ತೋಳು ಬದಲಿಸೋದು ಹೆಚ್ಚಿನವರಿಗೆ ಸುಲಭ. ಚೌಕ ಅಚ್ಚಿನ ಬಗೆಯಾದರೆ ಎರಡು ವಿಷಯ ಹೊಂದಬೇಕು. ಒಂದು, ಉದ್ದ. ತೋಳಿನ ಹಿಂಬದಿಯಲ್ಲಿ 165, 170, 175 ಅಂತ ಅಚ್ಚು ಒತ್ತಿರುತ್ತಾರೆ. ಬಲಗಡೆ ಎಷ್ಟಿದೆಯೋ ಅಷ್ಟೇ ತನ್ನಿ. ಎರಡು, ಚೌಕದ ಇಳಿಜಾರು. ಹೊಸ ತೋಳು ಅಚ್ಚಿನ ಮೇಲೆ ಕೈಯಿಂದ ಒತ್ತಿದಾಗ ಅಲ್ಲಾಡದೆ ನಿಲ್ಲಬೇಕು. ಬಣ್ಣ ರೂಪ ಒಂದೇ ಇರಲಿ ಅಂತ ಹಟ ಹಿಡಿದರೆ ಸಿಗಲ್ಲ, ಅದನ್ನು ಬಿಟ್ಟುಬಿಡಿ. ತೋಳು ತೆಗೆಯೋಕೆ ಎಕ್ಸ್‌ಟ್ರ್ಯಾಕ್ಟರ್ ಬೇಕು, ಅದು 22 ಮಿ.ಮೀ. ಥ್ರೆಡ್‌ಗೆ ಹಿಡಿಯುತ್ತದೆ. ಗೇರ್ ಸೈಕಲ್ ರಿಪೇರಿ ಮಾಡುವ ಅಂಗಡಿಯಲ್ಲಿ ಇರುತ್ತದೆ. ಸುತ್ತಿಗೆ ಎತ್ತಿದರೆ ಬೇಡ ಅನ್ನಿ. ಹೊಸ ತೋಳು ಹಾಕಿದ ಮೇಲೆ ಮೊದಲ ಸಲ ಓಡಿಸಿ ಬಂದು ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಿ.

ಗುಜರಿಯಲ್ಲೂ ಹುಡುಕಬಹುದು. ಅಲ್ಲಿ ಪೆಡಲ್ ಥ್ರೆಡ್ ಜೊತೆಗೆ ಚೌಕದ ತೂತಿನ ಮೂಲೆಗಳನ್ನೂ ನೋಡಿ. ಮೂಲೆ ದುಂಡಾಗಿದ್ದರೆ ಎಷ್ಟು ಬಿಗಿ ಮಾಡಿದರೂ ಸಡಿಲ ಆಗುತ್ತದೆ, ಉಚಿತ ಕೊಟ್ಟರೂ ತರಬೇಡಿ.

ಅಚ್ಚು ಬಲ ತೋಳಿಗೇ ಕೂಡಿರುವ, 24 ಮಿ.ಮೀ. ಕೊಳವೆಯ ದುಬಾರಿ ಬಗೆಯವರಿಗೆ ಎಡ ತೋಳು ಅದೇ ಕಂಪನಿಯದ್ದೇ ಬೇಕಾಗುತ್ತದೆ. ನಮ್ಮಲ್ಲಿ ಅಂಗಡಿಯಲ್ಲಿ ಇಟ್ಟಿರೋದು ಕಡಿಮೆ. ಬೀದರ್‌ನವರಿಗೆ ಹೈದರಾಬಾದ್ ಹತ್ತಿರ, ಕಲಬುರಗಿಯವರು ಸೊಲ್ಲಾಪುರವನ್ನೂ ನೋಡಬಹುದು. ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಿ ಕಾಯಬೇಕು.

ಹೆಲಿಕಾಯಿಲ್ ಅಂದರೆ ತೂತನ್ನು ದೊಡ್ಡದು ಮಾಡಿ, ಹೊಸ ಥ್ರೆಡ್ ಹಾಕಿ, ಅದರೊಳಗೆ ಉಕ್ಕಿನ ತಂತಿಯ ಸುರುಳಿ ಕೂರಿಸೋದು. ಆ ಸುರುಳಿಯ ಒಳಮೈ 9/16 ಥ್ರೆಡ್ ಆಗಿ ಕೆಲಸ ಮಾಡುತ್ತದೆ. ಕೆಲಸ ಶುದ್ಧವಾಗಿದ್ದರೆ ಮೂಲ ಅಲ್ಯೂಮಿನಿಯಂ ಥ್ರೆಡ್‌ಗಿಂತ ಗಟ್ಟಿ. ತೊಂದರೆ ಕಿಟ್‌ನದ್ದು. ಪೆಡಲ್ ಅಳತೆಯದ್ದು, ಅದರಲ್ಲೂ ಎಡದ್ದು, ಬೇರೆಯೇ ತರಿಸಬೇಕು. ಬೈಕ್ ಎಂಜಿನ್ ಕೆಲಸ ಮಾಡುವ ಗ್ಯಾರೇಜ್‌ಗಳಲ್ಲಿ ಹೆಲಿಕಾಯಿಲ್ ಇರುತ್ತದೆ, ಆದರೆ ಅದು ಸ್ಪಾರ್ಕ್ ಪ್ಲಗ್, ಡ್ರೇನ್ ಬೋಲ್ಟ್ ಅಳತೆ. ಒಂದು ಕ್ರ್ಯಾಂಕ್‌ಗೋಸ್ಕರ ಇಡೀ ಕಿಟ್ ತರಿಸಿದರೆ ಆ ದುಡ್ಡಿಗೆ ಎಡ ತೋಳೇ ಬಂದುಬಿಡಬಹುದು. ನಾಲ್ಕಾರು ಜನ ಒಟ್ಟಿಗೆ ಸೈಕಲ್ ತುಳಿಯುವ ಗುಂಪಿದ್ದರೆ ಹಂಚಿಕೊಂಡು ತರಿಸೋದು ಲಾಭ. ಸೈಕಲ್ ಅಂಗಡಿ ಇಟ್ಟವರು ಒಂದು ಜೊತೆ ಇಟ್ಟುಕೊಂಡರೆ ಇಡೀ ಜಿಲ್ಲೆಯ ಗಿರಾಕಿ ಅವರಿಗೇ. ಇನ್ನೊಂದು ಕೊರತೆ ಇದೆ. ಪೆಡಲ್ ಪದೇ ಪದೇ ಬಿಚ್ಚಿ ಹಾಕುವವರಿಗೆ ಸುರುಳಿ ಒಮ್ಮೊಮ್ಮೆ ಪೆಡಲ್ ಜೊತೆಗೇ ಹೊರಬರುತ್ತದೆ. ಸೈಕಲ್ಲನ್ನು ರೈಲಿನಲ್ಲಿ ಸಾಗಿಸುವವರು ಇದನ್ನು ನೆನಪಿಡಿ.

ಬುಶ್: ನಮ್ಮ ಕಡೆಗೆ ಹೊಂದುವ ದಾರಿ

ಬುಶ್ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ. ಯಾಕೆಂದರೆ ನಮ್ಮ ಮೂರು ಜಿಲ್ಲೆಯಲ್ಲಿ ಸೈಕಲ್‌ನ ವಿಶೇಷ ಸಾಮಾನು ಕಡಿಮೆ, ಲೇಥ್‌ಗಳಿಗೆ ಬರ ಇಲ್ಲ. ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶ, ಬೀದರ್‌ನ ಕೋಳಾರ, ಟ್ರ್ಯಾಕ್ಟರ್ ಮತ್ತು ಬೋರ್‌ವೆಲ್ ಕೆಲಸದ ಯಾದಗಿರಿಯ ವರ್ಕ್‌ಶಾಪ್‌ಗಳು, ಶಹಾಬಾದ್ ಕಡೆ ಫರಸಿ ಕೊಯ್ಯುವ ಮಷಿನ್ ರಿಪೇರಿ ಮಾಡುವವರು. ಒಳ್ಳೆಯ ಟರ್ನರ್ (ಲೇಥ್ ಕೆಲಸಗಾರ) ಸಿಕ್ಕರೆ ಹೊರಗಿನಿಂದ ಏನೂ ತರಿಸಬೇಕಾಗಿಲ್ಲ.

ಕಂಪನಿಯವರು ಮಾಡುವ ಪೆಡಲ್ ಬುಶ್‌ಗಳ ಹೊರಮೈ ಸಾಮಾನ್ಯವಾಗಿ 5/8 ಇಂಚು, ಇಂಚಿಗೆ 24 ಥ್ರೆಡ್. ಅಂದರೆ ತೂತು 16 ಮಿ.ಮೀ.ಗೆ ಹತ್ತಿರ ಬರುತ್ತದೆ. ಹೆಲಿಕಾಯಿಲ್‌ಗೂ ಹೆಚ್ಚುಕಡಿಮೆ ಅಷ್ಟೇ. ಊರಲ್ಲಿ ಮಾಡಿಸುವಾಗ ಆ ಟ್ಯಾಪ್ ಸಿಗಲ್ಲ. ಎಂ18ಕ್ಕೆ 1.5 ಸುತ್ತಿನ ಟ್ಯಾಪ್ ಹುಡುಕಿದರೆ ಸಿಗುತ್ತದೆ, ಅದನ್ನೇ ಬಳಸಬಹುದು. ಮೊದಲು ಕ್ರ್ಯಾಂಕ್ ತುದಿಯ ಅಗಲ ಅಳೆಯಿರಿ. 28 ಮಿ.ಮೀ. ಇದ್ದರೆ 18ರ ತೂತು ತೆಗೆದ ಮೇಲೂ ಸುತ್ತ ಐದೈದು ಮಿ.ಮೀ. ಉಳಿಯುತ್ತದೆ. 25ಕ್ಕಿಂತ ಕಡಿಮೆ ಇದ್ದರೆ ನಾನು ಎಂ18 ಹಾಕಿಸಲ್ಲ. ತೆಳು ಗೋಡೆಯ ಕಂಪನಿ ಬುಶ್ ತರಿಸುತ್ತೇನೆ, ಇಲ್ಲವೇ ತೋಳು ಬದಲಿಸುತ್ತೇನೆ.

ಬುಶ್ ಉಕ್ಕಿನದ್ದಾಗಿರಲಿ. ಅದಕ್ಕೆ ಒಂದು ಕಡೆ ಒಂದೂವರೆ ಮಿ.ಮೀ. ದಪ್ಪದ ಕಾಲರ್ ಇರಬೇಕು, ಮತ್ತು ಆ ಕಾಲರ್ ಕ್ರ್ಯಾಂಕ್‌ನ ಒಳಮೈಗೆ, ಚೌಕಟ್ಟಿನ ಕಡೆಗೆ ಬರಬೇಕು. ಇದನ್ನು ಟರ್ನರ್‌ಗೆ ಬಿಡಿಸಿ ಹೇಳಿ, ಚಿತ್ರ ಬರೆದು ತೋರಿಸಿದರೂ ತಪ್ಪಿಲ್ಲ. ಪೆಡಲ್ ಬಿಗಿ ಮಾಡಿದಾಗ ಅದರ ಭುಜ ಹೊರಗಿನಿಂದ ಒತ್ತುತ್ತದೆ, ಕಾಲರ್ ಒಳಗಿನಿಂದ ಒತ್ತುತ್ತದೆ, ಕ್ರ್ಯಾಂಕ್ ನಡುವೆ ಸಿಕ್ಕಿಕೊಳ್ಳುತ್ತದೆ. ಬುಶ್‌ನ ಇನ್ನೊಂದು ತುದಿ ಹೊರಮೈಗಿಂತ ಕೂದಲಷ್ಟು ಒಳಗೇ ಇರಲಿ, ಹೊರಗೆ ಚಾಚಿದರೆ ಪೆಡಲ್ ಕ್ರ್ಯಾಂಕನ್ನು ಮುಟ್ಟಲ್ಲ. ಕಾಲರ್ ಚೌಕಟ್ಟಿನ ಕೊಳವೆಗೆ ತಾಗುತ್ತಾ ಅಂತಲೂ ಮೊದಲೇ ನೋಡಿ.

ಇನ್ನೊಂದು ಸೂಕ್ಷ್ಮ. ಬುಶ್‌ನ ಹೊರಗಿನ ಥ್ರೆಡ್ ಮಾಮೂಲಿ ಬಲದ್ದು, ಒಳಗಿನಿಂದ ಹಾಕಿದ್ದು. ಎಡ ಕ್ರ್ಯಾಂಕ್‌ನಲ್ಲಿ ಪೆಡಲ್ ಬಿಗಿ ಮಾಡಿದಷ್ಟೂ ಬುಶ್ ಕೂಡ ಬಿಗಿಯಾಗುವ ಕಡೆಗೇ ತಿರುಗುತ್ತದೆ. ಒಳ್ಳೆಯದೇ ಆಯಿತು. ಬಲ ಕ್ರ್ಯಾಂಕ್‌ನಲ್ಲಿ ಉಲ್ಟಾ, ಪೆಡಲ್ ಬಿಗಿ ಮಾಡುವಾಗ ಬುಶ್ ಬಿಚ್ಚಿಕೊಳ್ಳೋಕೆ ನೋಡುತ್ತದೆ. ಹಾಗಾಗಿ ಬಲಗಡೆಗೆ ಬುಶ್ ಮತ್ತು ಕ್ರ್ಯಾಂಕ್ ಸೇರುವ ಗೆರೆಯ ಮೇಲೆ ಸಣ್ಣ ತೂತು ಹೊಡೆದು ಗ್ರಬ್ ಸ್ಕ್ರೂ (ತಲೆ ಇಲ್ಲದ ಸಣ್ಣ ಸ್ಕ್ರೂ) ಕೂರಿಸಲು ಹೇಳಿ. ಎರಡೂ ಕಡೆ ಲಾಕ್‌ಟೈಟ್ 638ರಂಥ ಗಟ್ಟಿ ಅಂಟು ಹಾಕಲೇಬೇಕು. ಹಾಕುವ ಮೊದಲು ಪೆಟ್ರೋಲ್‌ನಲ್ಲೋ ಥಿನ್ನರ್‌ನಲ್ಲೋ ಎಣ್ಣೆ ಜಿಡ್ಡು ಪೂರ್ತಿ ತೊಳೆದು ಒಣಗಿಸಬೇಕು, ಜಿಡ್ಡಿನ ಮೇಲೆ ಆ ಅಂಟು ಹಿಡಿಯಲ್ಲ. ಹಾಕಿದ ಮೇಲೆ ಒಂದು ರಾತ್ರಿ ಮುಟ್ಟಬೇಡಿ.

ಒಳಗಿನ ಥ್ರೆಡ್ ಹೇಗೆ? ಇಂಚಿನ ಲೀಡ್ ಸ್ಕ್ರೂ (ಥ್ರೆಡ್ ಕೊರೆಯುವಾಗ ಟೂಲ್ ಸರಿಸುವ ಉದ್ದ ಸ್ಕ್ರೂ) ಇರುವ ಹಳೆಯ ಲೇಥ್‌ನಲ್ಲಿ 20 ಥ್ರೆಡ್ ಗೇರ್ ಹೊಂದಿಸೋದು ಕಷ್ಟ ಅಲ್ಲ, ಉಲ್ಟಾ ಥ್ರೆಡ್ ಕೂಡ ಆಗುತ್ತದೆ. ಆದರೆ 13 ಮಿ.ಮೀ. ತೂತಿನೊಳಗೆ ಸಣ್ಣ ಟೂಲ್ ಹಾಕಿ ಕೊರೆಯೋಕೆ ತಾಳ್ಮೆ ಬೇಕು. ಎಲ್ಲರೂ ಒಪ್ಪಲ್ಲ. ಅದಕ್ಕೊಂದು ಸುಲಭ ಉಪಾಯ ಇದೆ. ಗುಜರಿಯಿಂದ ಪೆಡಲ್ ಥ್ರೆಡ್ ಚೆನ್ನಾಗಿರುವ ಕಬ್ಬಿಣದ ಎಡ ಕ್ರ್ಯಾಂಕ್ ತನ್ನಿ. ಅದರ ತುದಿ ಕತ್ತರಿಸಿ, ಹೊರಮೈಯನ್ನು ಲೇಥ್‌ನಲ್ಲಿ ಇಳಿಸಿ ಬುಶ್ ಮಾಡಿಸಿ. ಉಲ್ಟಾ ಥ್ರೆಡ್ ತಯಾರಾಗಿಯೇ ಬಂದಿರುತ್ತದೆ. ಹಳೆಯ ಪೆಡಲ್ ಅಚ್ಚಿಗೆ ತಿರುಗಿಸಿ ಚಕ್‌ನಲ್ಲಿ ಹಿಡಿದರೆ ಸಾಕು. ಎಡದ ಥ್ರೆಡ್ ಆದ್ದರಿಂದ ಲೇಥ್ ತಿರುಗುವ ದಿಕ್ಕಿಗೆ ಅದು ಬಿಚ್ಚಿಕೊಳ್ಳುತ್ತದೆ, ಗಟ್ಟಿಯಾಗಿ ಲಾಕ್ ಮಾಡಿಕೊಳ್ಳಲು ಟರ್ನರ್‌ಗೆ ಮೊದಲೇ ಹೇಳಿ.

ಕ್ರ್ಯಾಂಕ್ ತೂತು ಹಿಗ್ಗಿಸುವ ಕೆಲಸ ಮಾತ್ರ ಕೈ ಡ್ರಿಲ್‌ನಲ್ಲಿ ಬೇಡ. ತೋಳನ್ನು ಸೈಕಲ್‌ನಿಂದ ಕಳಚಿ, ನಿಂತ ಡ್ರಿಲ್ ಮಷಿನ್‌ನಲ್ಲಿ ಸಮತಟ್ಟಾಗಿ ಬಿಗಿದು ಮಾಡಬೇಕು. ಒಂದು ಡಿಗ್ರಿ ಓರೆಯಾದರೂ ಪೆಡಲ್ ತಿರುಗುವಾಗ ಪಾದ ಓಲಾಡುತ್ತದೆ, ಮಂಡಿಗೆ ಗೊತ್ತಾಗುತ್ತದೆ.

ಯಾರಿಗೆ ಯಾವುದು

ಕಬ್ಬಿಣದ ಕ್ರ್ಯಾಂಕ್‌ನ ಹಾಲಿನವರು, ತರಕಾರಿಯವರು, ಶಾಲೆ ಮಕ್ಕಳು: ಹೊಸ ಕ್ರ್ಯಾಂಕ್, ಹೊಸ ಪಿನ್. ಒಂದು ಗಂಟೆಯ ಕೆಲಸ. ಮಕ್ಕಳ ಒಂದೇ ಸರಳಿನ ಕ್ರ್ಯಾಂಕ್ ಆದರೆ ಇಡೀ ಸರಳೇ ಬದಲಿಸಿ.

ಸಾಧಾರಣ ಗೇರ್ ಸೈಕಲ್‌ನಲ್ಲಿ ಕಾಲೇಜಿಗೋ ಕಚೇರಿಗೋ ಹೋಗುವವರಿಗೆ ಎಡ ಹೋದರೆ ಎಡ ತೋಳು ಸಾಕು. ಬಲ ಹೋದರೆ ಚೈನ್ ವ್ಹೀಲ್ ಹಲ್ಲುಗಳನ್ನು ಮೊದಲು ನೋಡಿ. ಸವೆದಿದ್ದರೆ ಇಡೀ ಸೆಟ್ ಬದಲಿಸಿ, ಬುಶ್‌ಗೆ ದುಡ್ಡು ಹಾಕಬೇಡಿ. ಹಲ್ಲು ಹೊಸದಿದ್ದರೆ ಬುಶ್.

ದುಬಾರಿ ಕ್ರ್ಯಾಂಕ್ ಇರುವ ದೂರದ ಸವಾರರು ಬುಶ್ ಅಥವಾ ಹೆಲಿಕಾಯಿಲ್ ನಡುವೆ ಆಯ್ದುಕೊಳ್ಳಬೇಕಾಗುತ್ತದೆ. ನಂಬುವ ಟರ್ನರ್ ಇದ್ದರೆ ಬುಶ್, ಇಲ್ಲದಿದ್ದರೆ ಕಿಟ್ ತರಿಸಿ ಕಾಯಿರಿ. ಬೇಸಿಗೆ ಬಂತು, ನಲವತ್ತು ಡಿಗ್ರಿ ಬಿಸಿಲಿನಲ್ಲಿ ಹೇಗೂ ಯಾರು ಹೊರಡುತ್ತಾರೆ? ಆ ತಿಂಗಳುಗಳೇ ಈ ಕೆಲಸಕ್ಕೆ ಸರಿ. ಕಾರ್ಬನ್ ಕ್ರ್ಯಾಂಕ್ ಇರುವವರು ಇದ್ಯಾವುದನ್ನೂ ಮಾಡಬೇಡಿ. ಅದರಲ್ಲಿ ಥ್ರೆಡ್ ಇರುವ ಲೋಹದ ತುಂಡನ್ನು ಒಳಗೆ ಅಂಟಿಸಿರುತ್ತಾರೆ, ನಮ್ಮ ಡ್ರಿಲ್ ಅದಕ್ಕೆ ತಾಗಬಾರದು.

ಯಾವ ದಾರಿ ಹಿಡಿದರೂ ಪೆಡಲ್ ಹಾಕುವ ಕೆಲಸ ನೀವೇ ಮಾಡಿ. ಅಚ್ಚಿನ ತುದಿಯಲ್ಲಿ ಎಲ್, ಆರ್ ಅಂತ ಇರುತ್ತದೆ, ಎಲ್ ಎಡಕ್ಕೆ, ಆರ್ ಬಲಕ್ಕೆ. ಥ್ರೆಡ್‌ಗೆ ಗ್ರೀಸ್ ಹಚ್ಚಿ. ಮೊದಲ ಮೂರು ನಾಲ್ಕು ಸುತ್ತು ಬೆರಳಿನಿಂದಲೇ ಹೋಗಬೇಕು, ಪಾನಾ ಆಮೇಲೆ. ಪಾನಾ ಮೇಲ್ಮುಖವಾಗಿ ನಿಲ್ಲಿಸಿ ಮುಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಪೆಡಲ್ ಬಿಗಿಯಾಗುತ್ತವೆ, ಹಿಂದಕ್ಕೆ ಎಳೆದರೆ ಸಡಿಲ. ಎಡ ಬಲ ಯೋಚಿಸುವ ತಲೆನೋವೇ ಇಲ್ಲ. ಟಾರ್ಕ್ ಪಾನಾ ಇದ್ದವರು 35ರಿಂದ 55 ನ್ಯೂಟನ್ ಮೀಟರ್ ಒಳಗೆ ನಿಲ್ಲಿಸಿ. ಇಲ್ಲದವರು ಒಂದಡಿ ಉದ್ದದ ಪಾನಾದಲ್ಲಿ ಒಂದು ಕೈಯ ಬಲ ಹಾಕಿ. ಪೆಡಲ್‌ನ ಭುಜ ಕ್ರ್ಯಾಂಕ್‌ಗೆ ಸುತ್ತಲೂ ಸಮವಾಗಿ ತಾಗಿದೆಯಾ ನೋಡಿ. ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೆ ಪಾನಾ ಹಚ್ಚಿ. ಆಗಲೂ ಕಾಲು ಸುತ್ತಿಗಿಂತ ಹೆಚ್ಚು ತಿರುಗಿದರೆ ಬುಶ್ ಹಿಡಿದಿಲ್ಲ ಅಂತ ಅರ್ಥ. ತೋಳು ಬಿಚ್ಚಿಕೊಂಡು ಅದೇ ಟರ್ನರ್ ಹತ್ತಿರ ವಾಪಸ್ ಹೋಗಿ.